ಕಿವಿಗೆ ಹಿಡಿಯದ ಪೆಟ್ಟಿಗೆ

"ಅಲ್ಲಾಡಿಸಿದ್ರೆ ಲೊಡಲೊಡ ಅಂತಿತ್ತು ಕಣವ್ವ," ಎಂದರು ರುಕ್ಮಿಣಮ್ಮ.

ಬೆಂಕಿಯ ವಿವರ ಬರೆದುಕೊಳ್ಳುತ್ತಿದ್ದ ದ್ರಾಕ್ಷಾಯಣಿ ಕೈ ನಿಲ್ಲಿಸಿದಳು. "ಯಾವಾಗಿಂದ?"

"ಸರ್ವೀಸ್ ಮಾಡಿ ತಂದುಕೊಟ್ರಲ್ಲ, ಆವಾಗಿಂದ. ಮೊದ್ಲು ಇರ್ಲಿಲ್ಲ."

"ಸರ್ವೀಸಾ? ಯಾರು ಬಂದಿದ್ರು?"

"ಕಂಪ್ನಿ ವ್ಯಾನು. ದುಡ್ಡಿಲ್ಲ, ಫ್ರೀ ಅಂದ್ರು. ಅರ್ಧ ಗಂಟೆ ವ್ಯಾನೊಳಗೇ ಇಟ್ಕೊಂಡು ಏನೋ ಮಾಡಿ ಕೊಟ್ಟೋದ್ರು. ಮೂರು ವಾರ ಆಯ್ತು ಅನ್ನು."

ರುಕ್ಮಿಣಮ್ಮನ ಬಲಗೈ ಮಣಿಕಟ್ಟಿನವರೆಗೂ ಬ್ಯಾಂಡೇಜಿನಲ್ಲಿತ್ತು. ಬೇರೆ ಯಾರದೋ ಸಾಮಾನನ್ನು ನೋಡಿಕೊಳ್ಳುತ್ತಿರುವವರ ಹಾಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಹಳೇಬೀಡಿನ ಆ ಮನೆಯ ನಡುಮನೆಯ ಗೋಡೆಯಲ್ಲಿ ಚಾರ್ಜಿಗೆ ಹಾಕುವ ಜಾಗದಿಂದ ಸೂರಿನವರೆಗೆ ಕಪ್ಪು ಮಸಿ ಏರಿತ್ತು.

ಜಗಲಿಯಿಂದ ಗಂಡ ತಿಮ್ಮಯ್ಯನವರ ದನಿ ಬಂತು. "ಈ ವಯಸ್ಸಲ್ಲಿ ಆಟ ಆಡಕ್ಕೋಗಿ ಕೈ ಸುಟ್ಕೊಂಡವ್ಳೆ. ಕೇಳ್ದೋರ್ಗೆ ಏನಂತ ಹೇಳದು ನಾನು?"

"ನೀವು ಅರಳಿಕಟ್ಟೇಲಿ ಇಸ್ಪೀಟಾಡ್ತೀರಲ್ಲ, ಆಗ ನಿಮ್ಗೆಷ್ಟು ವಯಸ್ಸು?" ಎಂದರು ರುಕ್ಮಿಣಮ್ಮ ತಿರುಗಿಯೂ ನೋಡದೆ. ಆಮೇಲೆ ದನಿ ತಗ್ಗಿಸಿದರು. "ಮೊಮ್ಮಗಳು ಸಿರಿ ರಜಕ್ಕೆ ಬಂದಾಗ ತರ್ಸಿದ್ದು ಈ ಆಟದ ಪೆಟ್ಟಿಗೆ. ಅವಳು ಹೊರಟೋದ್ಲು, ಪೆಟ್ಟಿಗೆ ಉಳೀತು. ಮಧ್ಯಾಹ್ನ ಪಾತ್ರೆ ತೊಳೆದಾದ ಮ್ಯಾಲೆ ಒಂದು ಗಂಟೆ ಹುಲಿ-ಕುರಿ ಆಡ್ತಿದ್ದೆ. ನಾನು ಯಾವಾಗ್ಲೂ ಕುರಿ ಕಡೆ. ಹುಲೀನ ಮೂಲೇಲಿ ಕಟ್ಟಾಕ್ಬುಟ್ಟಾಗ ಅದೊಂಥರಾ..." ನಗು ಬಂದು ತುಟಿಯ ಹತ್ತಿರವೇ ಆರಿತು.

ಅರವತ್ತು ದಾಟಿದ ಹೆಂಗಸು ತನಗೆಂದು ದಿನದಲ್ಲಿ ಒಂದು ಗಂಟೆ ಎತ್ತಿಟ್ಟುಕೊಂಡಿದ್ದಳು. ಅದಕ್ಕೂ ಬೆಂಕಿ ಬಿತ್ತು. ದ್ರಾಕ್ಷಾಯಣಿ ಬರೆಯುತ್ತಿದ್ದ ಪುಸ್ತಕ ಮುಚ್ಚಿದಳು. ಸುಟ್ಟ ಪೆಟ್ಟಿಗೆಯನ್ನು ಹಳೇ ಟವೆಲಿನಲ್ಲಿ ಸುತ್ತಿಕೊಂಡು ಎದ್ದಳು.

"ಆ ಹುಡುಗಿ ಮಾಡಿದ್ದಂತೆ, ಹೌದಾ?" ಬಾಗಿಲವರೆಗೂ ಬಂದು ಕೇಳಿದರು ರುಕ್ಮಿಣಮ್ಮ. "ಒಳ್ಳೆ ಬ್ಯಾಟ್ರಿ ಕದ್ದು ಕೆಟ್ಟದ್ದು ಹಾಕಿದ್ಲಂತೆ?"

"ಹಾಗಂತ ಹೇಳ್ತಿದಾರೆ."

"ನೀನೇನಂತೀಯ?"

"ನಾನಿನ್ನೂ ಏನೂ ಅಂದಿಲ್ಲ ಅಮ್ಮ. ಸಂಜೆ ನಾಲ್ಕು ಗಂಟೆಯೊಳಗೆ ಅನ್ನಬೇಕು."

*

ಜಾವಗಲ್, ಬೇಲೂರು, ಹಳೇಬೀಡು. ಒಂದೇ ತಿಂಗಳಲ್ಲಿ ಮೂರು 'ಅಳಗುಳಿ' ಪೆಟ್ಟಿಗೆ ಹೊತ್ತಿಕೊಂಡಿದ್ದವು. ಮೂರರ ಮೇಲೂ ತಪಾಸಣೆಯ ಸೀಲು ಕಾರ್ಖಾನೆಯ ಸೌಂದರ್ಯಳದು. ನಾಲ್ಕು ಗಂಟೆಗೆ ಕಂಪನಿಗೆ ಎಸ್.ಐ. ಬರುತ್ತಾರೆ, ಸೌಂದರ್ಯ ತಪ್ಪೊಪ್ಪಿಗೆಗೆ ಸಹಿ ಹಾಕಬೇಕು, ಇಲ್ಲವೇ ಕಳ್ಳತನದ ದೂರಿನಲ್ಲಿ ಅವಳ ಹೆಸರು ಬೀಳುತ್ತದೆ.

ಅರಸೀಕೆರೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದ್ರಾಕ್ಷಾಯಣಿ ಎರಡು ಫೋನು ಮಾಡಿದಳು. ಮೊದಲನೆಯದು ಜಾವಗಲ್ಲಿನ ಟೀವಿ ಅಂಗಡಿಗೆ. ಎರಡನೆಯದು ಬೇಲೂರಿನ ಲಾಡ್ಜಿಗೆ. ಇಬ್ಬರಿಗೂ ಒಂದೇ ಪ್ರಶ್ನೆ.

"ಹೌದು ಮೇಡಂ, ಸರ್ವೀಸಿಗೆ ಬಂದಿದ್ರು. ನೀವು ಕೇಳ್ಲೇ ಇಲ್ಲವಲ್ಲ," ಎಂದ ಅಂಗಡಿಯವನು. ಲಾಡ್ಜಿನವನೂ ಅದನ್ನೇ ಹೇಳಿದ.

ಕೇಳಿರಲಿಲ್ಲ, ನಿಜ. ಇಪ್ಪತ್ತೆಂಟು ವರ್ಷ ವಿಮಾ ಕಂಪನಿಯ ಸರ್ವೇಯರ್ ಆಗಿ ಸುಟ್ಟ ಕೊಬ್ಬರಿ ಗೋದಾಮುಗಳನ್ನು ಅಳೆದವಳು, ಬೆಂಕಿ ಎಲ್ಲಿ ಹುಟ್ಟಿತು ಅಂತ ಕೇಳಿದ್ದಳೇ ಹೊರತು ಪೆಟ್ಟಿಗೆ ಎಲ್ಲೆಲ್ಲಿ ಹೋಗಿ ಬಂತು ಅಂತ ಕೇಳಿರಲಿಲ್ಲ. 'ಸ್ವಲ್ಪ ಬಾಗಿಸಿ ಬರೀರಿ ಮೇಡಂ' ಎಂದು ಮೇಲಿನವರು ಹೇಳಿದಾಗ ಬಾಗಿಸಿ ಬರೆದದ್ದೂ ಇತ್ತು. ಒಂದು ದಿನ ಸಾಕಾಗಿ, ಅವಧಿಗೆ ಮುಂಚೆಯೇ ಬಿಟ್ಟು ಬಂದಿದ್ದಳು. ಈ ಕೆಲಸಕ್ಕೆ ಕರೆದವಳು ಉಷಾರಾಣಿ, ಚಿಕ್ಕಮ್ಮನ ಮಗಳು. ಅಳಗುಳಿಯನ್ನು ಹುಟ್ಟಿಸಿದವಳು.

"ನೀನು ಬಾ ದ್ರಾಕ್ಷಕ್ಕ. ಸೌಂದರ್ಯ ಇಂಥದ್ದು ಮಾಡೋಳಲ್ಲ," ಎಂದು ಫೋನಿನಲ್ಲಿ ಅತ್ತಿದ್ದಳು.

*

ಹಳೆಯ ಕೊಬ್ಬರಿ ಮಂಡಿಯೊಂದನ್ನೇ ಕಾರ್ಖಾನೆ ಮಾಡಿಕೊಂಡಿದ್ದರು. ಹದಿನಾರು ವರ್ಷ ಕಳೆದರೂ ಗೋಡೆಗಳಿಗೆ ಕೊಬ್ಬರಿಯ ಜಿಡ್ಡು ವಾಸನೆ ಬಿಟ್ಟಿರಲಿಲ್ಲ. ಟೀವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆಯಿಂದ ಶುರುವಾದ ಕಂಪನಿ ಅದು. ಚೌಕಾಬಾರ, ಹುಲಿ-ಕುರಿ, ಅಳಗುಳಿ ಮಣೆ, ಜೊತೆಗೆ ಮಕ್ಕಳಿಗೆ ಒಂದು ಕಾರ್ ರೇಸು. ಶಾಲೆಗಳು ಮುಚ್ಚಿದ್ದ ಕೊರೊನಾ ಕಾಲದಲ್ಲಿ ಎಷ್ಟು ಮಾಡಿದರೂ ಸಾಲುತ್ತಿರಲಿಲ್ಲ. ಆಮೇಲೆ ಮಕ್ಕಳ ಕೈಗೂ ಫೋನು ಬಂತು, ಫೋನಿನಲ್ಲೇ ಆಟ ಬಂತು. ಅಂಗಡಿಯವರು ಅಳಗುಳಿಯನ್ನು ಮಿಕ್ಸಿಗಳ ಹಿಂದಕ್ಕೆ ಸರಿಸಿದರು.

ಉಷಾರಾಣಿ ಸೋಲಲಿಲ್ಲ. ಟೀವಿ ಬೇಡ, ಕರೆಂಟು ಹೋದರೂ ಚಿಂತೆಯಿಲ್ಲ ಎಂದು ಸ್ಲೇಟಿನಷ್ಟು ಪರದೆಯ ಬ್ಯಾಟರಿ ಪೆಟ್ಟಿಗೆ ಮಾಡಿದಳು. ಅವಳ ಗಂಡ ಇಂದ್ರೇಶ್‌ಗೆ ಪೆಟ್ಟಿಗೆಯೇ ಬೇಡವಾಗಿತ್ತು. ಬೆಂಗಳೂರಿನ ಫೋನ್ ಆಟದ ಕಂಪನಿಯೊಂದು 'ಅಳಗುಳಿ' ಅನ್ನುವ ಹೆಸರನ್ನು ಕೇಳುತ್ತಿತ್ತು. ಹೆಸರು ಮಾತ್ರ. ಮಂಡಿಯೂ ಬೇಡ, ಸೋಲ್ಡರ್ ಮಾಡುವ ಇಪ್ಪತ್ತೆರಡು ಹೆಂಗಸರೂ ಬೇಡ.

ಆ ಇಪ್ಪತ್ತೆರಡು ಜನ ಈಗ ಕೈ ಕಟ್ಟಿ ಕೂತಿದ್ದರು. ಗೋಡೆ ಗಡಿಯಾರ ಎರಡೂಮುಕ್ಕಾಲು ತೋರಿಸುತ್ತಿತ್ತು.

"ಬಂದ್ರಾ ಅಕ್ಕ," ಎಂದಳು ಸೌಂದರ್ಯ. ಕಣಕಟ್ಟೆಯವಳು, ಮೂವತ್ತರ ಆಸುಪಾಸು, ತಪಾಸಣೆ ಸಾಲಿನ ಮುಖ್ಯಸ್ಥೆ. "ಊಟ ಆಯ್ತಾ?"

"ಬಿಡು ಊಟ. ನೀನು ಹೇಗಿದ್ದೀಯ?"

"ಅಳೋದಕ್ಕೆ ನಾಲ್ಕು ಗಂಟೆ ಮೇಲೆ ಬೇಕಾದಷ್ಟು ಟೈಮೈತೆ. ಈಗ ಏನು ತಂದಿದ್ದೀರ ತೋರ್ಸಿ."

ದ್ರಾಕ್ಷಾಯಣಿ ಟವೆಲು ಬಿಚ್ಚಿದಳು. ಸೌಂದರ್ಯ ಸುಟ್ಟ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡವಳೇ, ಯೋಚನೆಯೂ ಇಲ್ಲದೆ, ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದಳು.

"ಅದ್ಯಾಕೆ ಹಾಗೆ ಮಾಡಿದೆ?"

"ಯಾಕಂದ್ರೆ? ಎಲ್ಲಾರೂ ಮಾಡ್ತೀವಲ್ಲ."

ಪಕ್ಕದ ಮಾಲಿನಿ ಕಿಸಕ್ಕನೆ ನಕ್ಕಳು. "ನಾವು ಅಟ್ಟದ ಮೇಲಿನ ಕಾಯಿ ಅಲ್ಲಾಡ್ಸಿ ಬೆಳೆದೋರು ಅಕ್ಕ. ಕೊಬ್ಬರಿ ಒಣಗಿ ಚಿಪ್ಪು ಬಿಟ್ರೆ ಒಳಗೆ ಲೊಡಲೊಡ ಅಂತದೆ. ಸುಲಿಯೋಕೆ ಮುಂಚೆ ಕಿವಿಗೆ ಹಿಡಿದು ನೋಡ್ಬೇಕು. ಆ ಚಾಳಿ ಇಲ್ಲೂ ಬಂತು. ಕಾಯಾದ್ರೆ ಸದ್ದು ಮಾಡಿದ್ರೆ ಒಳ್ಳೇದು, ಪೆಟ್ಟಿಗೆಯಾದ್ರೆ ಮಾಡ್ಬಾರ್ದು. ಒಂದು ಸ್ಕ್ರೂ ಸಡಿಲ ಇದ್ರೂ ಗೊತ್ತಾಗುತ್ತೆ."

"ಇಂದ್ರೇಶಣ್ಣ ಬೈತಾರೆ," ಎಂದಳು ಸೌಂದರ್ಯ. "ಕಂಪ್ನಿ ನೋಡೋಕೆ ಬೆಂಗಳೂರೋರು ಬಂದಾಗ ಕಾಯಿ ಥರ ಅಲ್ಲಾಡಿಸ್ಬೇಡಿ, ಮಾನ ಹೋಗುತ್ತೆ ಅಂತ. ಅವರು ಹೋಗೋವರ್ಗೂ ಕಾಯ್ತಿದ್ವಿ. ಕಿವಿಗೆ ಹಿಡಿಯದೆ ನಾನು ಒಂದಕ್ಕೂ ಸೀಲು ಹಾಕಿಲ್ಲ ಅಕ್ಕ."

ಹಾಗಾದರೆ ಲೊಡಲೊಡ ಅನ್ನುವ ಪೆಟ್ಟಿಗೆ ಈ ಬಾಗಿಲು ದಾಟಿ ಹೋಗಲು ಸಾಧ್ಯವಿರಲಿಲ್ಲ. ಹೋದ ಮೇಲೆ ಯಾರೋ ಬಿಚ್ಚಿದ್ದಾರೆ.

"ಇದನ್ನು ಬಿಚ್ಚು," ಎಂದಳು ದ್ರಾಕ್ಷಾಯಣಿ.

ಕರಗಿ ಅಂಟಿದ್ದ ಪ್ಲಾಸ್ಟಿಕ್ಕನ್ನು ಸೌಂದರ್ಯ ಇಕ್ಕಳದಲ್ಲಿ ಬಿಡಿಸಿದಳು. ಹೊರಗಿನ ನಾಲ್ಕು ಸ್ಕ್ರೂ ತಮ್ಮ ತಮ್ಮ ಮೂಲೆಯಲ್ಲೇ ಇದ್ದವು. ಒಳಗೆ ಬೋರ್ಡನ್ನು ಹಿಡಿದಿಡುವ ಸಣ್ಣ ಸ್ಕ್ರೂ ಮಾತ್ರ ತನ್ನ ತೂತಿನಲ್ಲಿರಲಿಲ್ಲ. ಅದು ಬ್ಯಾಟರಿಯ ಎರಡು ತಂತಿ ಸೇರುವ ಜಾಗಕ್ಕೆ ಅಡ್ಡಲಾಗಿ ಬಿದ್ದು, ಅಲ್ಲೇ ಬೆಸೆದುಹೋಗಿತ್ತು.

"ನೋಡಿದ್ರಾ," ಎಂದಳು ಸೌಂದರ್ಯ ಮೆಲ್ಲಗೆ. "ಇದು ಬಿದ್ದಿರೋದಕ್ಕೇ ಬೆಂಕಿ. ಬ್ಯಾಟರಿ ನಮ್ಮದೇ. ನಮ್ಮ ಗುರುತು ಇನ್ನೂ ಕಾಣ್ತೈತೆ. ಕದ್ದಿದ್ದು ಎಲ್ಲಿ ಬಂತು?"

ಅವಳು ಬೋರ್ಡನ್ನು ತಿರುಗಿಸಿದಳು. ಹಿಂಬದಿ ಬೆಂಕಿಗೆ ಅಷ್ಟಾಗಿ ಸಿಕ್ಕಿರಲಿಲ್ಲ. ಸಾಲುಸಾಲಾಗಿ ಸಾಸಿವೆಯಷ್ಟೇ ಗಾತ್ರದ, ಒಂದೇ ಸಮನಾದ ಸೋಲ್ಡರ್ ಚುಕ್ಕಿಗಳು. ನಡುವೆ ಒಂದು ಕಡೆ ಮಾತ್ರ ಮೆತ್ತಿದ ಹಾಗೆ ದೊಡ್ಡ ಗಡ್ಡೆ, ಅದರ ಕೆಳಗೆ ಅಕ್ಕಿಕಾಳಿನಷ್ಟು ಕರಿ ತುಂಡು.

"ಇದು ನಮ್ಮ ಕೈಯಲ್ಲ. ಈ ತುಂಡು ನಮ್ಮ ಡ್ರಾಯಿಂಗಲ್ಲೇ ಇಲ್ಲ. ಯಾರೋ ಹೊಸ್ದಾಗಿ ಕೂರ್ಸಿದಾರೆ." ಸೌಂದರ್ಯ ತಲೆಯೆತ್ತಿದಳು. ಬೆಳಗಿನಿಂದ ಮೊದಲ ಸಲ ಅವಳ ಮುಖ ಸಡಿಲವಾಯಿತು. "ಉಷಕ್ಕಂಗೆ ತೋರ್ಸಿ ಅಕ್ಕ. ಮೇಲಿದಾರೆ. ಅವರು ನೋಡಿದ್ರೆ ಸಾಕು, ಯಾರು ಮಾಡಿದ್ದು ಅಂತ ಆ ಕ್ಷಣಕ್ಕೇ ಹೇಳ್ತಾರೆ."

ದ್ರಾಕ್ಷಾಯಣಿ ಬೋರ್ಡನ್ನು ಕೈಗೆ ತೆಗೆದುಕೊಂಡಳು. ಒಂದೊಂದೇ ಮೆಟ್ಟಿಲು ಹತ್ತಿದಳು. ಎಲ್ಲೂ ಬರೆಯದ ಒಂದು ತುಂಡು ಸರಿಯಾಗಿ ಯಾವ ಜಾಗದಲ್ಲಿ ಕೂರಬೇಕು ಅನ್ನುವುದು ಈ ಊರಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿರಲು ಸಾಧ್ಯ.

*

ಮೇಲೆ, ಹಿಂದೆ ಕಾಯಿ ಪೇರಿಸುತ್ತಿದ್ದ ಅಟ್ಟವೇ ಈಗ ಉಷಾರಾಣಿಯ ಕೋಣೆ. ಕಿಟಕಿ ಒಂದೇ. ಅವಳು ಮೇಜಿನ ಮುಂದೆ ಏನೂ ಮಾಡದೆ ಕೂತಿದ್ದಳು. ದ್ರಾಕ್ಷಾಯಣಿ ಬೋರ್ಡನ್ನು ಅವಳ ಮುಂದಿಟ್ಟು, ಹಿಂಬದಿ ಮೇಲೆ ಮಾಡಿದಳು.

ಉಷಾರಾಣಿ ಅದನ್ನು ನೋಡಿದಳು. ಮುಟ್ಟಲಿಲ್ಲ.

"ಬಾಗಿಲು ಹಾಕು ಅಕ್ಕ."

"ತೆಗೆದೇ ಇರಲಿ. ಈ ತುಂಡು ಏನು?"

"ಬ್ಯಾಟರಿ ತುಂಬಿದ ಮೇಲೆ ಚಾರ್ಜು ನಿಲ್ಲಿಸೋದು."

"ಮೊದಲು ಇರಲಿಲ್ಲವಾ?"

"ಇತ್ತು. ಮುಂಬದೀಲಿ ನಾನು ಹಾಕಿದ್ದು ತಪ್ಪು ಅಳತೆಯದು, ಅದಕ್ಕೇ ಹಿಂಬದಿಗೆ ಇದು ಬೇಕಾಯ್ತು." ದನಿ ಒಣಗಿತ್ತು. "ಮೊದಲ ನಲವತ್ತೆಂಟು ಪೆಟ್ಟಿಗೆ ಮಾರಿಹೋದ ಮೇಲೆ ಗೊತ್ತಾಯ್ತು. ನನ್ನ ಮನೆಯದೇ ಒಂದು ಬಿಸಿಯಾಗ್ತಿತ್ತು. ಕೂತು ಲೆಕ್ಕ ಹಾಕಿದೆ. ಹತ್ತನೇ ಕ್ಲಾಸಿನ ಮಕ್ಕಳೂ ಮಾಡದಂಥ ತಪ್ಪು."

"ಅದಕ್ಕೆ ಫ್ರೀ ಸರ್ವೀಸು."

"ಶಿವಪ್ರಕಾಶನಿಗೆ ತೋರಿಸಿಕೊಟ್ಟೆ. ಇಲ್ಲಿಗೆ ತರಬೇಡ, ಅವರವರ ಮನೆ ಮುಂದೆ ವ್ಯಾನಲ್ಲೇ ಬಿಚ್ಚಿ ಕೂರಿಸು ಅಂದೆ. ನಾಲ್ಕು ದಿನದಲ್ಲಿ ನಲವತ್ತೆಂಟೂ ಮುಗಿಸಿದ."

ಶಿವಪ್ರಕಾಶ್ ಕಂಪನಿಯ ಮೆಕ್ಯಾನಿಕ್ಕು, ವ್ಯಾನ್ ಓಡಿಸುವವನೂ ಅವನೇ.

"ಇಲ್ಲಿಗೆ ಯಾಕೆ ತರಿಸಲಿಲ್ಲ?"

ಉಷಾರಾಣಿ ತೆರೆದ ಬಾಗಿಲ ಕಡೆ ನೋಡಿದಳು.

"ಕೆಳಗಿರೋರು ನನ್ನ ಡ್ರಾಯಿಂಗನ್ನ ದೇವರಪಟದ ಥರ ನೋಡ್ತಾರೆ ಅಕ್ಕ. ನಲವತ್ತೆಂಟು ಪೆಟ್ಟಿಗೆ ವಾಪಸ್ ತಂದು, ಇದು ನನ್ನ ತಪ್ಪು, ಬಿಚ್ಚಿ ಸರಿಮಾಡಿ ಅಂತ ಅವರ ಮುಂದೆ ನಿಂತು ಹೇಳಬೇಕಿತ್ತು. ಸಂಜೆಗೆ ಇಂದ್ರೇಶ್ ಕಿವಿಗೂ ಬೀಳ್ತಿತ್ತು. 'ನಾನು ಹೇಳಲಿಲ್ಲವಾ, ಪೆಟ್ಟಿಗೆ ಮುಚ್ಚು' ಅನ್ನೋಕೆ ಅವರಿಗೆ ಇನ್ನೇನು ಬೇಕಿತ್ತು?"

"ತಂದಿದ್ದರೆ ಈ ಬೆಂಕಿಯೇ ಆಗ್ತಿರಲಿಲ್ಲ, ಗೊತ್ತಾ ನಿನಗೆ?"

"ಏನು?"

"ನೀನು ಕೂರಿಸಿದ ತುಂಡು ಸರಿಯಾಗೇ ಇದೆ. ಸುಟ್ಟಿದ್ದು ಒಂದು ಸ್ಕ್ರೂನಿಂದ. ಶಿವಪ್ರಕಾಶ ಅವಸರದಲ್ಲಿ ಸಡಿಲ ಬಿಟ್ಟ, ಅದು ಬ್ಯಾಟರಿ ಮೇಲೆ ಬಿತ್ತು. ಕೆಳಗಿನ ಇಪ್ಪತ್ತೆರಡು ಜನರಲ್ಲಿ ಒಬ್ಬಳು, ಯಾರೇ ಆಗಲಿ, ಒಂದು ಸಲ ಕಿವಿಗೆ ಹಿಡಿದು ಅಲ್ಲಾಡಿಸಿದ್ದರೆ ಸಿಕ್ಕಿಬಿಡ್ತಿತ್ತು. ಅವರ ಕಣ್ಣು ತಪ್ಪಿಸೋಕೆ ಅಂತ ಅವರ ಕಿವಿ ತಪ್ಪಿಸಿದೆ."

ಉಷಾರಾಣಿಯ ಮುಖ ಬಿಳಿಚಿತು. ಇಷ್ಟು ದಿನ ತನ್ನ ತಿದ್ದುಪಡಿಯೂ ತಪ್ಪಾಯಿತೆಂದೇ ಅವಳು ನಂಬಿದ್ದಳು. ತಿದ್ದುಪಡಿ ಸರಿಯಿತ್ತು ಅನ್ನುವುದು ಸಮಾಧಾನವಾಗುವ ಬದಲು ಇನ್ನೂ ಆಳಕ್ಕೆ ಇರಿಯಿತು. ದ್ರಾಕ್ಷಾಯಣಿಗೆ ಅದು ಕಾಣುತ್ತಿತ್ತು. ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದ ಈ ಹುಡುಗಿಯನ್ನು ಮನೆಮಂದಿಯೆಲ್ಲ ಹೊಗಳುವಾಗ ಅಸೂಯೆಪಟ್ಟವಳು ಅವಳು. ಆಮೇಲೆ ಅದೇ ಹುಡುಗಿಯ ಬಗ್ಗೆ ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡವಳೂ ಅವಳೇ.

"ನನ್ನನ್ನು ಯಾಕೆ ಕರೆಸಿದೆ ಉಷಾ?"

"ನೀನು ಬಂದರೆ ಸೌಂದರ್ಯ ಉಳೀತಾಳೆ ಅಂದುಕೊಂಡೆ."

"ಮತ್ತೆ ನೀನು?"

"ನನ್ನವರೆಗೆ ಬರಲ್ಲ ಅಂದುಕೊಂಡೆ." ಅವಳು ಕಣ್ಣು ತಪ್ಪಿಸಿದಳು. "ಬೆಂಕಿಯನ್ನ ಅಳೆಯೋಳು, ಬೆಂಕಿವರೆಗೂ ಬಂದು ನಿಲ್ತೀಯ ಅಂತ."

ಹೊಡೆದಿದ್ದರೂ ದ್ರಾಕ್ಷಾಯಣಿಗೆ ಇಷ್ಟು ನೋಯುತ್ತಿರಲಿಲ್ಲ.

"ಇಂದ್ರೇಶ್‌ಗೆ ಗೊತ್ತಾ?"

"ಹೇಳಿಲ್ಲ. ಕೇಳೂ ಇಲ್ಲ ಅವರು. ಕೆಲಸದವಳು ಕದ್ದಳು ಅಂತಾದರೆ ಪೆಟ್ಟಿಗೆ ಮೇಲೆ ಕಳಂಕ ಬರಲ್ಲ, ಹೆಸರು ಉಳಿಯುತ್ತೆ. ಡಿಸೈನಲ್ಲೇ ದೋಷ ಅಂತಾದರೆ ಬೆಂಗಳೂರಿನವರು ಆ ಹೆಸರನ್ನ ಮೂಸಿಯೂ ನೋಡಲ್ಲ. ಅವರಿಗೆ ಕಳ್ಳಿ ಒಬ್ಬಳು ಬೇಕು, ಅಷ್ಟೇ."

"ಆ ಕಾಗದಕ್ಕೆ ಸೌಂದರ್ಯ ಸಹಿ ಹಾಕಿದರೆ ನಾಳೆ ಅದರ ಮೇಲೇ ಕೇಸಾಗುತ್ತೆ. ಅವಳು ಊರಿಗೆ ಹೇಗೆ ಹೋಗ್ತಾಳೆ, ಯಾರು ಕೆಲಸ ಕೊಡ್ತಾರೆ? ಎದ್ದೇಳು. ಕೆಳಗೆ ಬಂದು ಈಗ ನನಗೆ ಹೇಳಿದ್ದನ್ನೇ ಹೇಳು."

ಉಷಾರಾಣಿ ಮೇಜಿನ ಖಾನೆ ಎಳೆದಳು. ಮಡಿಸಿದ ಕಾಗದವೊಂದನ್ನು ಹೊರತೆಗೆದಳು. ಸರ್ವೀಸು ಮಾಡಿದ ಪೆಟ್ಟಿಗೆಗಳ ಪಟ್ಟಿ. ಊರು, ಹೆಸರು, ಫೋನ್ ನಂಬರು, ಎಲ್ಲ ಅವಳ ಕೈಬರಹದಲ್ಲೇ.

"ಇದೊಂದೇ ಇರೋದು. ಕಂಪ್ಯೂಟರಲ್ಲಿ ಹಾಕಲಿಲ್ಲ."

"ಮೂರು ಸುಟ್ಟಿವೆ," ಎಂದಳು ದ್ರಾಕ್ಷಾಯಣಿ. "ಉಳಿದ ನಲವತ್ತೈದು?"

"ಜನರ ಮನೇಲಿವೆ."

"ಅವುಗಳಲ್ಲೂ ಸ್ಕ್ರೂ ಸಡಿಲ ಇರಬಹುದು ಅಂತ ಹೊಳೀತಾ ನಿನಗೆ? ಸಂಜೆ ಆದ್ರೆ ಎಲ್ಲರೂ ಚಾರ್ಜಿಗೆ ಹಾಕ್ತಾರೆ. ಅಜ್ಜಿಯರು ಆಡ್ತಾರೆ, ಮಕ್ಕಳು ಆಡ್ತಾರೆ."

ಉಷಾರಾಣಿ ಎದ್ದಳು. ಸೆರಗು ಸರಿಮಾಡಿಕೊಂಡಳು. ಪಟ್ಟಿ ಅವಳ ಮುಷ್ಟಿಯಲ್ಲಿತ್ತು.

"ಬರ್ತೀನಿ ಅಕ್ಕ. ಹೇಳ್ತೀನಿ."

*

ಎಸ್.ಐ. ಹತ್ತು ನಿಮಿಷ ಮುಂಚೆಯೇ ಬಂದಿದ್ದರು. ತಪಾಸಣೆಯ ಮೇಜಿನ ಮೇಲೆ ಟೈಪು ಮಾಡಿದ ಕಾಗದ, ಅದರ ಮೇಲೊಂದು ಪೆನ್ನು. ಇಂದ್ರೇಶ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಿಂತಿದ್ದ. ಹೆಂಗಸರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಸೌಂದರ್ಯ ಒಬ್ಬಳೇ ಸ್ಟೂಲಿನ ಮೇಲೆ ಕೂತಿದ್ದಳು.

"ಉಷಕ್ಕ ಬರ್ಲಿ ಅಂದ್ನಲ್ಲ ಸಾರ್," ಅನ್ನುತ್ತಿದ್ದಳು. "ಅವರು ಬಂದು ಮಾಡು ಅಂದ್ರೆ ಮಾಡ್ತೀನಿ. ಅವರು ಅನ್ನಲ್ಲ."

"ಬಂದರಲ್ಲ," ಎಂದರು ಎಸ್.ಐ.

ಸೌಂದರ್ಯ ಮೆಟ್ಟಿಲ ಕಡೆ ತಿರುಗಿದಳು. ಆ ಮುಖದಲ್ಲಿದ್ದ ನಂಬಿಕೆಯನ್ನು ನೋಡಲಾರದೆ ದ್ರಾಕ್ಷಾಯಣಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಮಾತು ಉಷಾರಾಣಿಯ ಬಾಯಿಂದಲೇ ಬರಲಿ ಅಂತ ಬಾಯಿ ಬಿಗಿಹಿಡಿದಳು.

"ಬನ್ನಿ ಅತ್ತಿಗೆ," ಎಂದ ಇಂದ್ರೇಶ್ ದ್ರಾಕ್ಷಾಯಣಿಗೆ. "ನಿಮಗೆ ಸುಮ್ಮನೆ ತೊಂದರೆ ಆಯ್ತು." ಆಮೇಲೆ ಎಲ್ಲರಿಗೂ ಕೇಳುವಂತೆ ಎಸ್.ಐ. ಕಡೆ ತಿರುಗಿದ. "ಸಾರ್, ನನಗೆ ಯಾರ ಮೇಲೂ ದ್ವೇಷ ಇಲ್ಲ. ಈ ಕಾಗದ ಒಂದೇ ಒಂದು ಮಾತು ಹೇಳುತ್ತೆ. ನಮ್ಮ ಮೇಡಂ ಮಾಡಿದ ಪೆಟ್ಟಿಗೇಲಿ ಯಾವ ತಪ್ಪೂ ಇರಲಿಲ್ಲ. ಇಂಥ ಪೆಟ್ಟಿಗೆ ಇಡೀ ಜಿಲ್ಲೇಲಿ ಇನ್ನೊಬ್ಬರು ಮಾಡೋಕಾಗಲ್ಲ. ನಾಳೆ ನಾವು ಪೆಟ್ಟಿಗೆ ನಿಲ್ಲಿಸಬಹುದು, ಫೋನಿಗೆ ಹೋಗಬಹುದು. ಆದರೆ ಅಳಗುಳಿ ಅಂದರೆ ಉಷಾರಾಣಿ ಅನ್ನೋ ಮಾತು ಉಳೀಬೇಕು."

ಹದಿನಾರು ವರ್ಷದಲ್ಲಿ ಮೊದಲ ಸಲ. ದ್ರಾಕ್ಷಾಯಣಿಗೆ ಅದು ಗೊತ್ತಿತ್ತು. ಹಬ್ಬ, ಮದುವೆ, ಕಂಪನಿಯ ಪೂಜೆ, ಎಲ್ಲೂ ಇಂದ್ರೇಶ್ 'ನಾವು ಮಾಡಿದ್ವಿ' ಅನ್ನುತ್ತಿದ್ದನೇ ಹೊರತು 'ಅವಳು ಮಾಡಿದಳು' ಅಂದವನಲ್ಲ. ಉಷಾರಾಣಿ ಅದನ್ನು ನಗುತ್ತಲೇ ತೇಲಿಸಿಬಿಡುತ್ತಿದ್ದಳು. ಇಷ್ಟು ವರ್ಷ ಯಾವ ಮಾತಿಗೆ ಹಸಿದಿದ್ದಳೋ ಆ ಮಾತು ಇವತ್ತು, ಈ ಹೊತ್ತಿನಲ್ಲಿ, ಎಲ್ಲರ ಮುಂದೆ ಅವಳ ಎಲೆಗೆ ಬಿತ್ತು.

ಉಷಾರಾಣಿ ಹೆಂಗಸರನ್ನು ನೋಡಿದಳು. ಇಪ್ಪತ್ತೊಂದು ಜೊತೆ ಕಣ್ಣು ಅವಳ ಮೇಲಿದ್ದವು.

"ಮೇಡಂ, ನೀವೇನಾದರೂ ಹೇಳೋದಿದೆಯಾ?" ಎಂದರು ಎಸ್.ಐ.

ಅವಳು ಸೌಂದರ್ಯಳ ಹತ್ತಿರ ಹೋದಳು. ಹೆಗಲ ಮೇಲೆ ಕೈಯಿಟ್ಟಳು.

"ಸೈನ್ ಮಾಡು ಸೌಂದರ್ಯ," ಎಂದಳು.

ಮಾಲಿನಿಯ ಬಾಯಿಂದ "ಅಯ್ಯೋ" ಎಂದು ಹೊರಬಿತ್ತು.

"ಉಷಾ!" ಎಂದಳು ದ್ರಾಕ್ಷಾಯಣಿ.

"ಮಾಡು. ಮುಂದಿನದನ್ನ ನಾನು ನೋಡ್ಕೋತೀನಿ."

ಸೌಂದರ್ಯ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ, ಜಗಳವಾಡಲಿಲ್ಲ. "ನೀವು ಹೇಳ್ತಿದ್ದೀರ ಅಂದ್ಮೇಲೆ ಏನೋ ಇರ್ಬೇಕು," ಎಂದಳು. ಪೆನ್ನು ತೆಗೆದುಕೊಂಡಳು. "ಎಲ್ಲಿ ಮಾಡ್ಬೇಕು, ತೋರ್ಸಿ ಅಕ್ಕ."

ಉಷಾರಾಣಿಯ ಬೆರಳು ಕಾಗದದ ಕೊನೆಯ ಗೆರೆಯ ಮೇಲೆ ಬಂದು ನಿಂತಿತು. ಇನ್ನೊಂದು ಕೈ, ಮುಷ್ಟಿಯಲ್ಲಿದ್ದ ಪಟ್ಟಿಯನ್ನು ಗಂಡನ ಕಡೆ ಚಾಚಿತು. ಇಂದ್ರೇಶ್ ಬಿಡಿಸಿ ನೋಡಿದ. ಒಂದು ಕ್ಷಣ ಹುಬ್ಬು ಗಂಟಿಕ್ಕಿತು. ಏನನ್ನೂ ಕೇಳದೆ ಮಡಿಸಿ ಅಂಗಿಯ ಜೇಬಿಗೆ ಇಳಿಸಿಕೊಂಡ.

"ಸಾರ್, ಆ ಪಟ್ಟಿ ತಗೊಳ್ಳಿ!" ದ್ರಾಕ್ಷಾಯಣಿಯ ದನಿ ಮಂಡಿಯ ಸೂರಿಗೆ ಬಡಿಯಿತು. "ವ್ಯಾನಲ್ಲಿ ಬಿಚ್ಚಿ ಮುಚ್ಚಿದ ಪೆಟ್ಟಿಗೆಗಳು ಅವು. ಇನ್ನೂ ನಲವತ್ತೈದು ಮನೇಲಿವೆ. ಈ ಹೊತ್ತಿಗೆ ಯಾರ ಮನೇಲಿ ಚಾರ್ಜಿಗೆ ಹಾಕಿದಾರೋ!"

"ಯಾವ ಪಟ್ಟಿ?" ಎಂದರು ಎಸ್.ಐ., ಒಬ್ಬೊಬ್ಬರ ಮುಖವನ್ನೇ ನೋಡುತ್ತ.

"ಮನೆ ವಿಚಾರ ಸಾರ್," ಎಂದ ಇಂದ್ರೇಶ್ ಜೇಬಿನ ಮೇಲೆ ಕೈಯಿಟ್ಟು. "ಅತ್ತಿಗೆಗೆ ಬೆಳಗಿಂದ ಬಿಸಿಲಲ್ಲಿ ಓಡಾಡಿ ಸುಸ್ತಾಗಿದೆ."

ಮೇಜಿನ ಮೇಲೆ ಪೆನ್ನು ನಿಂತಿತ್ತು. ಗೆರೆಯ ಮೇಲೆ 'ಸೌಂದ' ಎಂಬಲ್ಲಿಗೆ ಬಂದು, ಅಲ್ಲಿಂದ ಮುಂದಕ್ಕೆ ಹೋಗಿರಲಿಲ್ಲ.

ಸೌಂದರ್ಯ ತಲೆಯೆತ್ತಿದಳು. ತನ್ನ ಹೆಗಲ ಮೇಲಿದ್ದ ಕೈಯನ್ನು ಮೊದಲು ನೋಡಿದಳು. ಆಮೇಲೆ ಆ ಕೈಯ ಒಡತಿಯನ್ನು.

"ಯಾವ ನಲವತ್ತೈದು ಮನೆ, ಉಷಕ್ಕ?"